ಹಾರ್ಮೋನಿಯಂ ಮೇಲೆ ಆಸಾ ರಾಗ: ಶಬದ್ ಕೀರ್ತನೆಗೆ ಅಭ್ಯಾಸ ಕ್ರಮ

ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನ ಪದ್ಯಗಳೇ ಶಬದ್, ಅವನ್ನು ರಾಗದಲ್ಲಿ ಹಾಡುವುದು ಶಬದ್ ಕೀರ್ತನೆ. ಆ ಗ್ರಂಥದ 31 ಮುಖ್ಯ ರಾಗಗಳಲ್ಲಿ ಆಸಾ ನಾಲ್ಕನೆಯದು. ನಸುಕಿನಲ್ಲಿ ಗುರುದ್ವಾರಗಳಲ್ಲಿ ಕೇಳುವ ದೀರ್ಘ ರಚನೆ ‘ಆಸಾ ದಿ ವಾರ್’ ಇದೇ ರಾಗದ್ದು. ಹೊತ್ತು ಮುಳುಗಿದ ಮೇಲೂ ಇದನ್ನು ಹಾಡುವ ರೂಢಿಯಿದೆ. ಥಾಟ್ (ರಾಗದ ಮೂಲ ಸ್ವರಗುಂಪು) ಬಿಲಾವಲ್, ವಾದಿ (ಮುಖ್ಯ ಸ್ವರ) ಮ, ಸಂವಾದಿ (ಅದರ ಜೊತೆ ಸ್ವರ) ಸ.

ಆರೋಹ: ಸ ರಿ ಮ ಪ ಧ ಸಾಂ (ಸಾಂ ಎಂದರೆ ಮೇಲಿನ ಸ)
ಅವರೋಹ: ಸಾಂ ನಿ ಧ ಪ ಮ ಗ ರಿ ಸ, ರಿ ಗ ಸ

ಕರಿ ಒಂದನ್ನು (ಮೊದಲ ಕರಿ ಪಟ್ಟಿ, C#) ಸ ಮಾಡಿಕೊಂಡು ಕೂತರೆ ಈ ರಾಗ ಕಣ್ಣಿಗೇ ಕಾಣುತ್ತದೆ. ಏರುವಾಗ ಬರುವ ಸ, ರಿ, ಮ, ಪ, ಧ ಐದೂ ಕರಿ ಪಟ್ಟಿಗಳೇ. ಗ, ನಿ ಮಾತ್ರ ಬಿಳಿ. ಹಾಗಾಗಿ ಹತ್ತುವಾಗ ಬೆರಳು ಬಿಳಿ ಪಟ್ಟಿಗೆ ತಾಗಿತೆಂದರೆ ತಪ್ಪಿತು ಎಂದೇ ಲೆಕ್ಕ. ರಾಗ ಬಿಲಾವಲ್ ಕಡೆಗೆ ವಾಲುತ್ತದೆ. ಇಳಿಯುವಾಗ ಬಿಳಿಯನ್ನು ಬಿಟ್ಟರೆ ದುರ್ಗಾ ರಾಗ ಆಗಿಬಿಡುತ್ತದೆ. ನಿಮ್ಮ ಶ್ರುತಿ ಬೇರೆಯಾಗಿದ್ದರೆ ಸ್ಕೇಲ್ ಚೇಂಜರ್ ಪೆಟ್ಟಿಗೆಯಲ್ಲಿ ಪಟ್ಟಿ ಸರಿಸಿಕೊಂಡು, ಬೆರಳಿನ ಜಾಗ ಇದನ್ನೇ ಇಟ್ಟುಕೊಳ್ಳಿ.

ಮೊದಲು ಸ್ವರಕ್ಕೆ ನಾಲ್ಕು ಮಾತ್ರೆಯಂತೆ, ಆಮೇಲೆ ಎರಡರಂತೆ ಏರಿಳಿಯಿರಿ. ಕೈ ಕೂತ ಮೇಲೆ ಪಕಡ್ (ರಾಗದ ಗುರುತಿನ ಸ್ವರಗುಚ್ಛ) ಹಿಡಿಯಿರಿ:

ರಿ ಮ ಪ, ಧ ಸಾಂ, ನಿ ಧ ಪ ಮ, ಗ ಸ ರಿ ಗ ಸ

ಹೆಚ್ಚು ಹೊತ್ತು ಕೊಡಬೇಕಾದದ್ದು ಕೊನೆಯ ತುಂಡಿಗೆ. ಮ ಮೇಲೆ ನಿಲ್ಲಿ, ಉಸಿರು ತೆಗೆದುಕೊಳ್ಳಿ, ಗ ಹಚ್ಚಿ ನೇರ ಸಕ್ಕೆ ಇಳಿಯಿರಿ. ಮತ್ತೆ ರಿ, ಗ ಮುಟ್ಟಿ ಸದಲ್ಲಿ ಮುಗಿಸಿ. ಕರ್ನಾಟಕ ಸಂಗೀತ ಕಲಿತವರು ಎಡವುವುದು ಇಲ್ಲೇ. ಸ್ವರಗಳು ಆರಭಿ ರಾಗದವೇ, ಏರಿಳಿತವೂ ಬಹುಪಾಲು ಅದೇ. ಆದರೆ ಆರಭಿಯಲ್ಲಿ ಗಾಂಧಾರ ಮಧ್ಯಮಕ್ಕೆ ಅಂಟಿಕೊಂಡು ಜಾರಿಹೋಗುತ್ತದೆ. ಆಸಾದಲ್ಲಿ ಅದು ಬಿಡಿಯಾಗಿ, ಸ್ಪಷ್ಟವಾಗಿ ಕೇಳಬೇಕು. ಆರಭಿಯ ಗಮಕ ತಂದರೆ ಆಸಾದ ಮುಖವೇ ಬದಲಾಗುತ್ತದೆ. ಹೆಸರು ಹತ್ತಿರವೆಂದು ಆಸಾವರಿಯೊಡನೆ ಬೆರೆಸಲೂಬೇಡಿ. ಅದರಲ್ಲಿ ಗ, ಧ, ನಿ ಕೋಮಲ (ಅರ್ಧ ಸ್ವರ ಕೆಳಗೆ).

ಇನ್ನು ಶಬದ್. ಅಚ್ಚಿನಲ್ಲಿ ಮೊದಲು ಬಂದ ಸಾಲನ್ನೇ ಸ್ಥಾಯಿ (ಪಲ್ಲವಿ) ಮಾಡಿಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು. ‘ರಹಾಉ’ ಎಂದು ಗುರುತಿರುವ ಸಾಲು ಹುಡುಕಿ, ಅದು ಹೆಚ್ಚಾಗಿ ಮೊದಲ ಪದದ (ಚರಣದ) ನಂತರ ಬರುತ್ತದೆ. ಶಬದ್‌ನ ತಿರುಳು ಆ ಸಾಲಿನಲ್ಲಿದೆ, ಅದೇ ಸ್ಥಾಯಿ. ಅದನ್ನು ಮಂದ್ರ, ಮಧ್ಯ ಸಪ್ತಕಗಳಲ್ಲಿ (ಕೆಳಗಿನ ಮತ್ತು ನಡುವಿನ ಸ್ವರಗಳಲ್ಲಿ) ಕೂರಿಸಿ ಮ ಮೇಲೆ ನಿಲ್ಲಿಸಿ. ಉಳಿದ ಪದಗಳು ಅಂತರಾ (ಮೇಲೇರುವ ಭಾಗ): ಮ ಪ ಧ ಸಾಂ ಎಂದು ಎತ್ತಿಕೊಂಡು, ನಿ ಧ ಪ ಮ ಎಂದು ಇಳಿದು, ಪ್ರತಿಸಲ ರಹಾಉಗೆ ಮರಳಿ. ತೀನ್‌ತಾಲದ (16 ಮಾತ್ರೆಯ ತಾಳ) ಮಧ್ಯಲಯ ಕಲಿಕೆಗೆ ಅನುಕೂಲ.

ತಾನ್ (ವೇಗದ ಸ್ವರಸರಣಿ) ಹೊಡೆಯುವ ಆಸೆಯನ್ನು ತಡೆದುಕೊಳ್ಳಿ. ಮಾತು ಒಡೆದು ಅರ್ಥ ಕೆಟ್ಟರೆ ಅದು ಕೀರ್ತನೆಯೇ ಅಲ್ಲ. ಹಾರ್ಮೋನಿಯಂನಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರು) ಬರುವುದಿಲ್ಲವಾದ್ದರಿಂದ ಧದಿಂದ ಸಾಂಗೆ ಜಾರುವುದನ್ನು ದನಿಯಲ್ಲೇ ಮಾಡಿ. ಆಗ ಪೆಟ್ಟಿಗೆ ಮೆತ್ತಗಿರಲಿ. ಹಳೆಯ ರಾಗಿಗಳ (ಗುರುದ್ವಾರದ ಕೀರ್ತನಕಾರರ) ಕಮಾನಿನ ವಾದ್ಯಗಳಾದ ದಿಲ್‌ರುಬಾ, ತಾವುಸ್‌ಗಳಲ್ಲಿ ಈ ಜಾರು ತಾನಾಗಿ ಸಿಗುತ್ತದೆ.

‘ಆಸಾ ದಿ ವಾರ್’ಗೆ ಈ ಕಟ್ಟು ಹೊಂದುವುದಿಲ್ಲ. ಅದರಲ್ಲಿ ರಹಾಉ ಇಲ್ಲ. ಇರುವುದು 24 ಪೌಡಿಗಳು (ಚರಣಗಳು), ಅವಕ್ಕೆ ಜೊತೆಯಾದ ಸಲೋಕಗಳು (ಕಿರು ಪದ್ಯಗಳು). ‘ಟುಂಡೇ ಅಸರಾಜೈ ಕೀ ಧುನೀ’ (ಟುಂಡಾ ಅಸರಾಜನ ಹಾಡಿನ ಧಾಟಿ) ಎಂದು ಯಾವ ಧಾಟಿಯಲ್ಲಿ ಹಾಡಬೇಕೆಂಬುದನ್ನೂ ತಲೆಬರಹದಲ್ಲೇ ಹೇಳಿದೆ. ಆ ಧಾಟಿಯನ್ನು ಬಲ್ಲವರ ಎದುರು ಕೂತು ಬಾಯಿಂದ ಬಾಯಿಗೆ ಕಲಿಯಿರಿ.