ಕ್ಲಿಪ್ ಹಾಕಿಸುವ ಮೊದಲು ಮಗುವಿನ ತುಟಿ, ನಾಲಿಗೆ ಗಮನಿಸಿ

ಮಗುವಿನ ಮುಂದಿನ ಹಲ್ಲು ಉಬ್ಬಿದೆ ಎಂದು ದಂತ ವೈದ್ಯರ ಬಳಿ ಬರುವ ತಂದೆ–ತಾಯಿ ಸಾಮಾನ್ಯವಾಗಿ ಕೇಳುವುದು, ಕ್ಲಿಪ್ ಯಾವಾಗ ಹಾಕಿಸಬೇಕು ಎಂದು. ಹಲ್ಲು ಯಾಕೆ ಉಬ್ಬಿತು ಎಂದು ಕೇಳುವವರು ಕಡಿಮೆ. ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ ಮತ್ತು ಕೆನ್ನೆ ಹಗಲೂ ರಾತ್ರಿ ಹಲ್ಲುಗಳನ್ನು ಮೆಲ್ಲಗೆ ಒತ್ತುತ್ತಿರುತ್ತವೆ. ಆ ಒತ್ತಡದ ಹದ ತಪ್ಪಿದರೆ ಹಲ್ಲು ಸರಿಯುತ್ತದೆ. ತುಟಿ, ನಾಲಿಗೆ, ಕೆನ್ನೆಯ ಸ್ನಾಯುಗಳ ದೋಷವನ್ನು ಹಾಗೆಯೇ ಬಿಟ್ಟು ತಂತಿ ಕಟ್ಟಿಸಿದರೆ, ತಂತಿ ತೆಗೆದ ಮೇಲೆ ಹಲ್ಲು ಮತ್ತೆ ಹಳೆಯ ಜಾಗದತ್ತ ಹೊರಡಬಹುದು.

ಮೊದಲು ಮಾಡಬೇಕಾದದ್ದು, ಮಗುವಿಗೆ ಗೊತ್ತಾಗದಂತೆ ಅದನ್ನು ಗಮನಿಸುವುದು. ಟಿ.ವಿ. ನೋಡುವಾಗ, ಚಿತ್ರ ಬರೆಯುವಾಗ ತುಟಿಗಳು ಕೂಡಿರಬೇಕು, ಉಸಿರು ಮೂಗಿನಲ್ಲಿ ಆಡಬೇಕು, ನಾಲಿಗೆ ಅಂಗುಳಕ್ಕೆ ತಾಗಿಕೊಂಡಿರಬೇಕು. ಬಾಯಿ ಸದಾ ತೆರೆದೇ ಇದ್ದರೆ, ಕೆಳತುಟಿ ಒಣಗಿ ಬಿರುಕು ಬಿಟ್ಟಿದ್ದರೆ, ಮೇಲಿನ ಮುಂದಿನ ಹಲ್ಲಿನ ವಸಡು ಕೆಂಪಾಗಿ ಊದಿಕೊಂಡಿದ್ದರೆ ಬಾಯಿಯ ಉಸಿರಾಟದ ಶಂಕೆ ಇರಲಿ. ರಾತ್ರಿ ಗೊರಕೆ ಹೊಡೆಯುತ್ತದೆಯೇ, ಹಲ್ಲು ಕಡಿಯುತ್ತದೆಯೇ, ಜೊಲ್ಲಿನಿಂದ ದಿಂಬು ಒದ್ದೆಯಾಗುತ್ತದೆಯೇ ನೋಡಿ. ನಿದ್ದೆಯಲ್ಲಿರುವಾಗ ಮೊಬೈಲ್‌ನಲ್ಲಿ ಎರಡು ನಿಮಿಷದ ವಿಡಿಯೊ ಮಾಡಿಕೊಳ್ಳಿ. ನೀವು ಬಾಯಲ್ಲಿ ಹೇಳುವುದಕ್ಕಿಂತ ವೈದ್ಯರಿಗೆ ಅದು ಹೆಚ್ಚು ತಿಳಿಸುತ್ತದೆ.

ಮುಂದೆ, ಶೀತ ಇಲ್ಲದ ದಿನ, ಮಗುವಿಗೆ ಆಟದಂತೆ ಮಾಡಿಸಬಹುದಾದ ಪರೀಕ್ಷೆಗಳು. ಮೂಗಿನ ಹೊಳ್ಳೆಗಳ ಕೆಳಗೆ ಪುಟ್ಟ ಕನ್ನಡಿ ಹಿಡಿಯಿರಿ. ಎರಡೂ ಕಡೆ ಆವಿ ಕಟ್ಟಬೇಕು. ಐದು ದಾಟಿದ ಮಗುವಾದರೆ ಒಂದು ಗುಟುಕು ನೀರನ್ನು ಬಾಯಲ್ಲಿ ಹಿಡಿದು, ತುಟಿ ಮುಚ್ಚಿ, ಒಂದು ನಿಮಿಷ ಮೂಗಿನಲ್ಲೇ ಉಸಿರಾಡಲು ಹೇಳಿ. ಒದ್ದಾಡಿದರೆ ಬಲವಂತ ಬೇಡ, ಅಲ್ಲಿಗೇ ನಿಲ್ಲಿಸಿ. ಬಳಿಕ ಕೆಳತುಟಿಯನ್ನು ಮೆಲ್ಲಗೆ ಕೆಳಗೆಳೆದು ಹಿಡಿದು ನೀರು ನುಂಗಿಸಿ. ನುಂಗುವಾಗ ನಾಲಿಗೆ ಹಲ್ಲುಗಳ ನಡುವೆ ಇಣುಕಿದರೆ, ಅದು ಹಲ್ಲನ್ನು ಮುಂದಕ್ಕೆ ತಳ್ಳುತ್ತಿರಬಹುದು. ಎಳೆಗೂಸುಗಳು ಹೀಗೆಯೇ ನುಂಗುತ್ತವೆ. ಆರು ವರ್ಷ ಕಳೆದ ಮೇಲೂ ಉಳಿದರೆ ತೋರಿಸಬೇಕು. ‘ಸಾಸಿವೆ’, ‘ಸೊಸೆ’ ಎಂದು ಹೇಳಿಸಿದಾಗ ನಾಲಿಗೆ ಹೊರಗೆ ಬರುತ್ತದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಇಷ್ಟಾದ ಮೇಲೆ ಅವಸರಪಟ್ಟು ತುಟಿ, ನಾಲಿಗೆಯ ವ್ಯಾಯಾಮಕ್ಕೆ ಇಳಿಯಬೇಡಿ. ಮೊದಲು ಮೂಗು. ಮೂಗಿನ ಹಿಂದಿರುವ ಅಡೆನಾಯ್ಡ್ ಎಂಬ ಮೃದು ಅಂಗಾಂಶ ದಪ್ಪವಾಗಿದ್ದರೆ, ಟಾನ್ಸಿಲ್ ಊದಿದ್ದರೆ, ಧೂಳಿನ ಅಲರ್ಜಿಯಿಂದ ಮೂಗು ಕಟ್ಟಿದ್ದರೆ ಮಗು ಬಾಯಿ ತೆರೆಯುವುದು ಉಸಿರಿಗಾಗಿ. ಅಂಥ ಮಗುವಿಗೆ ‘ಬಾಯಿ ಮುಚ್ಚು’ ಎಂದು ದಿನವಿಡೀ ಗದರುವುದು ಅನ್ಯಾಯ. ತುಟಿಗೆ ಟೇಪ್ ಅಂಟಿಸಿ ಮಲಗಿಸುವ ವಿಡಿಯೊಗಳು ಈಗ ಜಾಲತಾಣಗಳಲ್ಲಿ ಹರಿದಾಡುತ್ತಿವೆ. ಮೂಗು ಕಟ್ಟಿದ ಮಗುವಿಗೆ ಇದು ಅಪಾಯಕಾರಿ, ಖಂಡಿತ ಮಾಡಬೇಡಿ. ಕಿವಿ, ಮೂಗು, ಗಂಟಲು ತಜ್ಞರು ದಾರಿ ತೆರವು ಮಾಡಿದ ನಂತರವೇ ಉಳಿದದ್ದು.

ಬೆರಳು ಚೀಪುವ ಅಭ್ಯಾಸ ಮೂರು–ನಾಲ್ಕು ವರ್ಷದೊಳಗೆ ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಶಾಶ್ವತ ಹಲ್ಲು ಹುಟ್ಟುವ ಹೊತ್ತಿಗೂ ಮುಂದುವರಿದರೆ ಮೇಲಿನ ಹಲ್ಲು ಮುಂದಕ್ಕೆ ಬಂದು, ಮೇಲೆ–ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ಸೇರದೆ ಕಿಂಡಿ ಉಳಿಯುತ್ತದೆ. ಬೇವಿನೆಣ್ಣೆ, ಮೆಣಸಿನ ಪುಡಿ ಹಚ್ಚುವ ಹಳೆಯ ಉಪಾಯವನ್ನು ನಾನು ಒಪ್ಪುವುದಿಲ್ಲ. ಖಾರದ ಬೆರಳು ಕಣ್ಣಿಗೂ ಹೋಗುತ್ತದೆ. ಮಗು ಬೆರಳು ಹುಡುಕುವುದು ಬೇಸರವಾದಾಗಲೋ, ನಿದ್ದೆ ಬಂದಾಗಲೋ, ಹೆದರಿದಾಗಲೋ ಎಂದು ಕಂಡುಕೊಂಡು ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಕೊಡಿ. ಚೀಪದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ನಕ್ಷತ್ರ ಅಂಟಿಸಿ.

ಮಕ್ಕಳ ದಂತ ವೈದ್ಯರ ಬಳಿ ಹೋದಾಗ ಹಲ್ಲು ಮಾತ್ರವಲ್ಲ, ಸ್ನಾಯುಗಳನ್ನೂ ಪರೀಕ್ಷಿಸಲು ಕೇಳಿ. ಇದಕ್ಕೆಂದೇ ಸ್ವೀಡನ್, ಡೆನ್ಮಾರ್ಕ್ ತಜ್ಞರು 2007ರಲ್ಲಿ ಪ್ರಕಟಿಸಿದ ‘ನಾಟ್–ಎಸ್’ ಎಂಬ ತಪಾಸಣಾ ಪಟ್ಟಿ ಇದೆ. ಉಸಿರಾಟ, ಅಭ್ಯಾಸಗಳು, ಅಗಿಯುವುದು–ನುಂಗುವುದು, ಜೊಲ್ಲು, ಬಾಯಿ ಒಣಗುವುದು ಮುಂತಾಗಿ ಆರು ವಿಷಯಗಳನ್ನು ಕೇಳಿ ತಿಳಿಯುತ್ತಾರೆ; ಮುಖದ ಚಹರೆ, ದವಡೆಯ ಚಲನೆ, ಮಾತು ಸೇರಿ ಇನ್ನಾರನ್ನು ನೋಡಿ ತಿಳಿಯುತ್ತಾರೆ. ದೋಷವಿರುವ ಒಂದೊಂದು ವಿಷಯಕ್ಕೆ ಒಂದು ಅಂಕದಂತೆ ಒಟ್ಟು 12. ನಾಲಿಗೆಯ ಕೆಳಗಿನ ಪೊರೆ ಗಿಡ್ಡವಾಗಿದ್ದು ನಾಲಿಗೆ ಮೇಲೇಳದಿದ್ದರೆ ಅದೂ ಈ ಪರೀಕ್ಷೆಯ ಹೊತ್ತಿನಲ್ಲಿ ಗೊತ್ತಾಗಬೇಕು. ಮಾತಿನ ತೊಂದರೆಯೂ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತಹ ಕಡೆ ವಾಕ್ ಚಿಕಿತ್ಸಕರು ಸಿಗುತ್ತಾರೆ.

ವ್ಯಾಯಾಮಗಳನ್ನು ಚಿಕಿತ್ಸಕರು ತೋರಿಸಿಕೊಟ್ಟಂತೆಯೇ ಮಾಡಿಸಬೇಕು. ಸಾಮಾನ್ಯವಾಗಿ ಹೇಳಿಕೊಡುವುದು ಇವು: ‘ಲಲಲ’ ಎನ್ನುವಾಗ ನಾಲಿಗೆಯ ತುದಿ ತಾಗುವ ಉಬ್ಬಿನ ಮೇಲೆ ತುದಿಯನ್ನಿಟ್ಟು, ಹಲ್ಲು ಕೂಡಿಸಿ, ಎಂಜಲು ನುಂಗುವುದು. ಇಡೀ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ, ಕುದುರೆಯ ಗೊರಸಿನ ಸದ್ದಿನಂತೆ ಟಕ್ಕನೆ ಬಿಡುವುದು. ತುಟಿಗಳ ನಡುವೆ ಕಾಗದದ ಚೂರು ಹಿಡಿದು ಕೂರುವುದು. ದೊಡ್ಡ ಚಪ್ಪಟೆ ಗುಂಡಿಗೆ ಗಟ್ಟಿ ದಾರ ಕಟ್ಟಿ, ಹಲ್ಲು ಮತ್ತು ತುಟಿಯ ನಡುವೆ ಇಟ್ಟು, ನೀವು ಮೆಲ್ಲಗೆ ಎಳೆಯುವಾಗ ಮಗು ತುಟಿಯಿಂದಲೇ ತಡೆಹಿಡಿಯುವುದು. ದಾರದ ತುದಿ ಸದಾ ದೊಡ್ಡವರ ಕೈಯಲ್ಲೇ ಇರಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಮಾಡಿಸುವುದಕ್ಕಿಂತ ದಿನವೂ ಐದು ನಿಮಿಷ ಮಾಡಿಸುವುದು ಲೇಸು. ಫಲ ಕಾಣಲು ತಿಂಗಳುಗಳೇ ಬೇಕು. ವ್ಯಾಯಾಮವೊಂದರಿಂದಲೇ ಹಲ್ಲೆಲ್ಲ ಸಾಲಾಗುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ.

ಏಳನೆಯ ವಯಸ್ಸಿನೊಳಗೆ ಒಮ್ಮೆ ವಕ್ರದಂತ ತಜ್ಞರಿಗೆ ತೋರಿಸಿ. ಕ್ಲಿಪ್ ಬೇಕೇ ಬೇಕೆಂದಾದರೆ, ನೀವು ಮನೆಯಲ್ಲಿ ಗಮನಿಸಿದ್ದನ್ನೆಲ್ಲ ಅವರಿಗೂ ಹೇಳಿ; ನಾಲಿಗೆಯ ವ್ಯಾಯಾಮವನ್ನು ಕ್ಲಿಪ್ ಜೊತೆಗೇ ಮುಂದುವರಿಸಬೇಕೇ ಎಂದು ಕೇಳಿಕೊಂಡು ಬನ್ನಿ.