ಬೇರೆಯವರು ಬೇಡ ಅಂದ ಪ್ಯಾಂಕ್ರಿಯಾಸಿಂದ ಐಲೆಟ್ ತೆಗೆಯೋದು: ನನ್ನ ಅನುಭವ

ನಾನಿರೋದು ಇಂಗ್ಲೆಂಡಲ್ಲಿ, ಕೆಲಸ ಡೋನರ್ ಪ್ಯಾಂಕ್ರಿಯಾಸಿಂದ (ಮೇದೋಜೀರಕ ಗ್ರಂಥಿಯಿಂದ) ಐಲೆಟ್, ಅಂದ್ರೆ ಇನ್ಸುಲಿನ್ ಮಾಡೋ ಜೀವಕೋಶಗಳ ಪುಟ್ಟ ಗುಂಪುಗಳನ್ನ, ಬೇರೆ ಮಾಡೋ ಲ್ಯಾಬಲ್ಲಿ. 2008ರಿಂದ ಇಲ್ಲಿ ಸರ್ಕಾರಿ ಖರ್ಚಲ್ಲೇ ಐಲೆಟ್ ಟ್ರಾನ್ಸ್‌ಪ್ಲಾಂಟ್ ಮಾಡ್ತಾರೆ, ಮುಖ್ಯವಾಗಿ ಟೈಪ್ 1 ಡಯಾಬಿಟಿಸ್ (ದೇಹ ಇನ್ಸುಲಿನ್ನೇ ಮಾಡದ ಶುಗರ್ ಕಾಯಿಲೆ) ಇದ್ದು ಶುಗರ್ ಲೋ ಆಗ್ತಿರೋದೇ ಗೊತ್ತಾಗ್ದೆ ಎಚ್ಚರ ತಪ್ಪಿ ಬೀಳೋರಿಗೆ. ಊರಿಂದ ಫೋನ್ ಮಾಡಿ ನಮ್ಮ ಮಾವಂಗೂ ಮಾಡಿಸ್ಬಹುದಾ ಅಂತ ಕೇಳ್ತಾರೆ, ಆದ್ರೆ ಶುಗರ್ ಇರೋರಲ್ಲಿ ಹೆಚ್ಚಿನವರಿಗಿರೋ ಟೈಪ್ 2ಗೆ ಇದು ಅಲ್ಲ.

ವಯಸ್ಸು ಕಮ್ಮಿ, ತೆಳ್ಳಗಿರೋ ಡೋನರ್‌ದು ಇಡೀ ಪ್ಯಾಂಕ್ರಿಯಾಸ್ ಕಸಿಗೆ ಹೋಗುತ್ತೆ. ನಮ್ಮ ಟೇಬಲ್‌ಗೆ ಬರೋದು ಐವತ್ತು ದಾಟಿದವರದು, ಬಿಎಂಐ 30ರ ಮೇಲಿರೋರದು, ಇಲ್ಲಾ ಹೃದಯ ನಿಂತ ಮೇಲೆ ದಾನ ಆಗಿದ್ದು. ಫಾರ್ಮಲ್ಲಿ ಮಾರ್ಜಿನಲ್ (ಅಷ್ಟೇನು ಒಳ್ಳೇದಲ್ಲ) ಅಂತ ಇರುತ್ತೆ, ನಾನು ಅದನ್ನ ನೋಡಿ ಬೇಡ ಅನ್ನೋದಿಲ್ಲ. ದಪ್ಪ ಇರೋರ ಗ್ರಂಥಿ ದೊಡ್ಡದು, ಐಲೆಟ್ ಜಾಸ್ತಿ ಸಿಗುತ್ತೆ, ಅದೇ ಇಪ್ಪತ್ತರೊಳಗಿನ ಹುಡುಗರದಾದ್ರೆ ಐಲೆಟ್ ಚೆನ್ನಾಗಿದ್ರೂ ಸಿಪ್ಪೆ ಬಿಡದ ಕಡಲೆಕಾಯಿ ಥರ ಸುತ್ತಲ ಟಿಶ್ಯೂ ಒಳಗೇ ಕೂತ್ಬಿಡುತ್ತೆ, ಸೆಂಟ್ರಿಫ್ಯೂಜಲ್ಲಿ (ಜೋರಾಗಿ ತಿರುಗಿಸಿ ಬೇರೆ ಮಾಡೋ ಮಷೀನಲ್ಲಿ) ಬೇರೆ ಆಗಲ್ಲ. ನಾನು ಮೊದ್ಲು ಕೇಳೋದು ಹೃದಯ ನಿಂತ ಮೇಲೆ ತಣ್ಣಗಾಗೋಕೆ ಎಷ್ಟು ಹೊತ್ತಾಯ್ತು, ಐಸಲ್ಲಿ ಎಷ್ಟು ಗಂಟೆ ಇತ್ತು, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್) 6.5ರ ಕೆಳಗಿದ್ಯಾ ಅಂತ. ಐಸಲ್ಲಿ ಎಂಟು ಗಂಟೆ ದಾಟ್ತಾ ಹೋದಂಗೆ ಆಸೆ ಕಮ್ಮಿ ಆಗುತ್ತೆ.

ಕೊಬ್ಬಿರೋ ಗ್ರಂಥಿ ಬಂದ್ರೆ ಎಲ್ಲ ಕೊಬ್ಬನ್ನೂ ಕೆರೆದು ತೆಗೆಯೋಕೆ ಹೋಗಲ್ಲ, ಮೇಲಿನ ಪೊರೆ ಹರಿದ್ರೆ ಡಕ್ಟ್ (ಗ್ರಂಥಿಯ ನಾಳ) ಮೂಲಕ ಬಿಟ್ಟ ಕೊಲ್ಯಾಜಿನೇಸ್, ಅಂದ್ರೆ ಟಿಶ್ಯೂ ಸಡಿಲ ಮಾಡೋ ಎಂಜೈಮ್, ಎಲ್ಲಾ ಹೊರಗೆ ಸೋರಿ ಹೋಗುತ್ತೆ, ಗ್ರಂಥಿ ಉಬ್ಬೋದೇ ಇಲ್ಲ. ಸೋರೋ ಕಡೆ ಕ್ಲ್ಯಾಂಪ್ ಹಾಕಿ ಒಂದೊಂದು ಭಾಗಾನೂ ಉಬ್ಬಿಸ್ತೀನಿ. ಆಮೇಲೆ ತುಂಡು ಮಾಡಿ ರಿಕೋರ್ಡಿ ಚೇಂಬರ್‌ಗೆ (ಐಲೆಟ್ ಬಿಡಿಸೋ ಮುಚ್ಚಿದ ಪಾತ್ರೆಗೆ) ಹಾಕಿ 37 ಡಿಗ್ರಿಯಲ್ಲಿ ಅಲ್ಲಾಡಿಸ್ತಾ ಇರ್ಬೇಕು. ಇಡೀ ಕೆಲಸದಲ್ಲಿ ನಿಜವಾಗಿ ಕೈ ಪಳಗ್ಬೇಕಾಗಿರೋದು ಇಲ್ಲೇ. ಹೃದಯ ನಿಂತ ಡೋನರ್‌ದು ಬೇಗ ಸಡಿಲ ಆಗ್ಬಿಡಬಹುದು, ಅದಕ್ಕೆ ಗಡಿಯಾರ ನಂಬಲ್ಲ, ಬೇಗ ಬೇಗ ಸ್ಯಾಂಪಲ್ ತೆಗೆದು ಡೈಥೈಜೋನ್ ಅನ್ನೋ ಬಣ್ಣ ಹಾಕಿ ನೋಡ್ತೀನಿ, ಐಲೆಟ್ ಕೆಂಪಗೆ ಕಾಣುತ್ತೆ, ಸುತ್ತಲದ್ದು ಬಿಟ್ಟು ಬಿಡಿಬಿಡಿಯಾಗಿ ಕಾಣಿಸ್ತಿದ್ದ ಹಾಗೇ ತಣ್ಣನೆ ದ್ರಾವಣಕ್ಕೆ ತಿರುಗಿಸ್ಬೇಕು, ಇನ್ನೆರಡು ನಿಮಿಷ ಬಿಟ್ರೆ ಇನ್ನೂ ಬರುತ್ತೆ ಅನ್ನೋ ಆಸೆ ಬೇಡ, ಐಲೆಟ್ಟೇ ಪುಡಿ ಆಗುತ್ತೆ.

ಇಷ್ಟಾದ್ಮೇಲೆ ಮಾರ್ಜಿನಲ್ ಹೌದೋ ಅಲ್ವೋ ಅನ್ನೋದು ಎಣಿಕೆ ಮೇಲೆ. ಮೊದಲ ಸಲ ಹಾಕೋಕೆ ಪೇಷಂಟ್‌ನ ಪ್ರತಿ ಕೆಜಿಗೆ 5,000 ಐಲೆಟ್ ಈಕ್ವಿವಲೆಂಟ್ (ಸಣ್ಣದು ದೊಡ್ಡದು ಎಲ್ಲಾ ಒಂದೇ ಅಳತೆಗೆ ತಂದ ಎಣಿಕೆ) ಬೇಕು, ವೈಯಬಿಲಿಟಿ, ಅಂದ್ರೆ ಜೀವಂತ ಇರೋ ಕೋಶಗಳ ಪ್ರಮಾಣ, 70 ಪರ್ಸೆಂಟ್ ಮೇಲಿರ್ಬೇಕು. ಮೂರು ಲಕ್ಷ ಬಂತು ಅನ್ಕೊಳ್ಳಿ, 80 ಕೆಜಿಯವರಿಗೆ ನಾಲ್ಕು ಲಕ್ಷ ಬೇಕಾಗಿದ್ರಿಂದ ಸಾಲಲ್ಲ, 55 ಕೆಜಿ ಹೆಂಗಸಿಗೆ 2,75,000 ಸಾಕು. ಅದಕ್ಕೇ ಗ್ರಂಥಿ ಬರೋಕೆ ಮುಂಚೆನೇ ಲಿಸ್ಟಲ್ಲಿ ತೂಕ ಕಮ್ಮಿ ಇರೋರು ಯಾರು ಅಂತ ಕೋಆರ್ಡಿನೇಟರ್‌ನ ಕೇಳಿಟ್ಕೊಂಡಿರ್ತೀನಿ.

ಜಪಾನಿನ ಕ್ಯೋಟೋದಲ್ಲಿ 2004ರಲ್ಲೇ ಹೃದಯ ನಿಂತ ಡೋನರ್‌ಗಳ ಐಲೆಟ್ ಹಾಕಿದ್ರು. 2000ದಲ್ಲಿ ಹೆಸರು ಮಾಡಿದ ಕೆನಡಾದ ಎಡ್ಮಂಟನ್‌ನಲ್ಲಿ ಐಲೆಟ್ ಹಾಕಿಸ್ಕೊಂಡ 7 ಜನಕ್ಕೂ ತಲಾ ಕನಿಷ್ಠ ಇಬ್ಬರು ಡೋನರ್ ಬೇಕಾಗಿತ್ತು, ಹಂಗಾಗಿ ಒಂದೇ ಸಲಕ್ಕೆ ಇನ್ಸುಲಿನ್ ನಿಲ್ಲುತ್ತೆ ಅಂತ ಪೇಷಂಟ್‌ಗೆ ಯಾರೂ ಹೇಳ್ಬಾರ್ದು. ಡೋನರ್ ಎಂಥೋರು, ಇದರಲ್ಲಿ ರಿಸ್ಕ್ ಏನು ಅಂತ ಬಾಯ್ಬಿಟ್ಟು ಹೇಳಿ ಒಪ್ಪಿಗೆ ತಗೋಬೇಕು. ರಾತ್ರಿ ಲೋ ಆಗೋ ಹೆದರಿಕೆ ಹೋದ್ರೆ ಸಾಕು, ಇನ್ಸುಲಿನ್ ಸ್ವಲ್ಪ ತಗೊಂಡ್ರೂ ಪರ್ವಾಗಿಲ್ಲ ಅನ್ನೋರೇ ಅವರಲ್ಲಿ ಜಾಸ್ತಿ.