ಮಣ್ಣೆತ್ತಿನ ಮಣ್ಣಲ್ಲಿ ದಾದರಾ, ಹೋಳಿ ಹಲಗಿಯಲ್ಲಿ ಕೆಹರವಾ

ತಬಲಾ ಬರಲಿ, ಸಂಗೀತದ ಮೇಷ್ಟ್ರು ಬರಲಿ, ಆಮೇಲೆ ತಾಳ ಕಲಿಸೋಣ ಅಂತ ಕಾಯುತ್ತ ಕೂತರೆ ನಮ್ಮಂಥ ಶಾಲೆಯಲ್ಲಿ ಮಕ್ಕಳು ಏಳನೇ ಕ್ಲಾಸು ದಾಟಿ ಹೋಗಿಬಿಡುತ್ತಾರೆ. ನಾನು ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ ಮೂರರಿಂದ ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ, ಜೊತೆಗೆ ಹಾಡಿನ ಪಿರಿಯಡ್ಡೂ ನಂದೇ. ಸಂಗೀತದ ಪರೀಕ್ಷೆ ಕಟ್ಟಿದವಳಲ್ಲ. ಮಠದ ಭಜನೆಯಲ್ಲಿ ಕೂತು ಕೂತು ದಾದರಾ, ಕೆಹರವಾ ಅನ್ನೋ ಎರಡು ತಾಳ ಕೈಗೆ ಹತ್ತಿವೆ, ಅಷ್ಟೇ. ಸಣ್ಣ ಮಕ್ಕಳಿಗೆ ಅಷ್ಟು ಸಾಕು ಅನ್ನೋದು ನನ್ನ ಅಭಿಪ್ರಾಯ. ಸಾಮಾನನ್ನು ಹಬ್ಬಗಳೇ ಒದಗಿಸುತ್ತವೆ.

ಮೊದಲು ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಶಾಲೆ ಶುರುವಾಗಿ ಇನ್ನೂ ಪುಸ್ತಕಕ್ಕೆ ರಟ್ಟು ಹಾಕಿರುವುದಿಲ್ಲ, ಅಷ್ಟರಲ್ಲಿ ಮನೆಮನೆಯಲ್ಲೂ ಎತ್ತು ಮಾಡಲು ಮಣ್ಣು ಬಂದಿರುತ್ತದೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನೂ ಮಾಡುತ್ತಾರಲ್ಲ, ಹಾಗಾಗಿ ತಿಂಗಳುಗಟ್ಟಲೆ ಮಕ್ಕಳ ಉಗುರಲ್ಲಿ ಮಣ್ಣೇ. ಉಳಿದ ಮಣ್ಣನ್ನು ಶಾಲೆಗೆ ತನ್ನಿ ಅನ್ನುತ್ತೇನೆ. ಹೊಲದ ಎರಿ, ಅಂದರೆ ಕಪ್ಪು ಮಣ್ಣು ಬೇಡ, ಒಣಗುತ್ತಾ ಬಿರುಕು ಬಿಟ್ಟು ಪುಡಿಯಾಗುತ್ತದೆ. ಕುಂಬಾರರ ಮನೆಯ ಮಣ್ಣೇ ಸರಿ, ಅದಕ್ಕೆ ಒಂದಿಷ್ಟು ಬೂದಿ ಕಲಸಿದರೆ ಇನ್ನೂ ಒಳ್ಳೆಯದು.

ಮಾಡುವುದು ಮಣಿ. ದಾದರಾಕ್ಕೆ ಆರು ಮಾತ್ರೆ, ಅಂದರೆ ಆರು ಎಣಿಕೆ. ತಬಲಾದ ಬಾಯಿಲೆಕ್ಕದಲ್ಲಿ ಧಾ ಧಿ ನಾ, ಧಾ ತಿ ನಾ. ಆದ್ದರಿಂದ ಆರು ಮಣಿ. ಸಮ್‌ಗೆ, ಅಂದರೆ ಮೊದಲ ಧಾಕ್ಕೆ, ನಿಂಬೆಹಣ್ಣಿನಷ್ಟು ದೊಡ್ಡ ಗುಂಡು. ನಾಲ್ಕನೇ ಮಾತ್ರೆ ಖಾಲಿ, ಅಲ್ಲಿ ಚಪ್ಪಾಳೆ ಇಲ್ಲ, ಕೈ ಬೀಸಬೇಕು. ಅದಕ್ಕೆ ಗುಂಡು ಮಾಡದೆ ನಡುವೆ ಬೆರಳು ಹೋಗುವಷ್ಟು ತೂತಿರುವ ಬಿಲ್ಲೆ. ಉಳಿದ ನಾಲ್ಕು ಸಣ್ಣ ಮಣಿ. ಪೋಣಿಸುವ ತೂತನ್ನು ಪೆನ್ಸಿಲ್ಲಿಂದ ಹಾಕಿಸಿ, ಒಣಗಿದ ಮೇಲೆ ಮಣ್ಣು ಕುಗ್ಗಿ ಅದು ಸಣ್ಣದಾಗುತ್ತದೆ. ನೆರಳಲ್ಲೇ ಒಣಗಿಸಬೇಕು. ಮಳೆಗಾಲದಲ್ಲಿ ಅದಕ್ಕೆ ಸುಮಾರು ದಿನ ಬೇಕು, ಅಲ್ಲಿಯವರೆಗೆ ಬಾಯಲ್ಲೇ ಹೇಳಿಸುತ್ತಿರಿ.

ಇಲ್ಲಿ ಒಂದು ಮುಖ್ಯ ಮಾತು. ಮಣಿಗಳನ್ನು ಸುತಳಿಗೆ ಪೋಣಿಸಿ ಹಾಗೇ ಉದ್ದಕ್ಕೆ ಬಿಟ್ಟರೆ ಮಕ್ಕಳು ಆರನೇ ಮಣಿಗೆ ಬಂದು ನಿಂತುಬಿಡುತ್ತಾರೆ. ಉಸಿರು ತಗೊಂಡು ಮತ್ತೆ ಒಂದರಿಂದ ಶುರು. ಆ ನಿಲುಗಡೆಯಲ್ಲೇ ತಾಳ ತಪ್ಪುತ್ತದೆ. ಎರಡೂ ತುದಿ ಸೇರಿಸಿ ಗಂಟು ಹಾಕಿ ಸರ ಮಾಡಿ, ಬೆರಳು ಆರನೇ ಮಣಿಯಿಂದ ಸೀದಾ ದೊಡ್ಡ ಗುಂಡಿಗೆ ಜಾರುತ್ತದೆ. ತಾಳ ಒಂದು ಸುತ್ತು ಮುಗಿಸಿ ಮೊದಲಿಗೇ ಬರುವ ಆವರ್ತ ಅಂದರೆ ಏನು ಅಂತ ಬಾಯಲ್ಲಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಮೂರನೇ ಕ್ಲಾಸಿನ ಒಬ್ಬಳು ಖಾಲಿಯ ಬಿಲ್ಲೆಗೆ ಬೆರಳು ತೂರಿಸಿ, "ಅಕ್ಕೋರ, ಇಲ್ಲೆ ಬೆರಳು ಒಳಗ ಹೋಗ್ತೈತ್ರಿ, ಅದಕ್ಕ ಚಪ್ಪಾಳಿ ಬ್ಯಾಡ" ಅಂದಳು. ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಶ್ರಾವಣದಲ್ಲಿ ಪಂಚಮಿ. ಜೋಕಾಲಿ, ಅರಳು, ಉಂಡಿ ಅಂತ ಮಕ್ಕಳ ಮನಸ್ಸು ಪುಸ್ತಕದಲ್ಲಿ ಇರುವುದಿಲ್ಲ, ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಸಣ್ಣ ಬಾಟಲಿಗಳಲ್ಲಿ ಕಾಳು ತುಂಬಿ ಗಿಲಕಿ ಮಾಡಿಸಿದರೆ ಸಾಕು. ಜೋಳ ಒಂದು ಥರ ಸದ್ದು, ಕಡಲೆ ಇನ್ನೊಂದು ಥರ. ಆಗಷ್ಟೇ ರಾಶಿ ಮಾಡಿದ ಹೆಸರುಕಾಳು ಹಸಿ ಇದ್ದರೆ ಸದ್ದೇ ಬರುವುದಿಲ್ಲ, ಒಣಗಿಸಿ ಹಾಕಿ. ಮುಚ್ಚಳಕ್ಕೆ ಟೇಪು ಸುತ್ತುವುದು ಮರೆಯಬೇಡಿ.

ಆಮೇಲೆ ನನಗೆ ಕೆಲಸ ಸಿಗುವುದು ಜೋಳದ ಸುಗ್ಗಿಯಲ್ಲಿ. ದಂಟಿನ ಬಂಡಿ, ದಂಟಿನ ಚಾಳೀಸು (ಕನ್ನಡಕ) ಮಾಡಲು ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಿಲ್ಲ. ನಾನು ಕೇಳುವುದು ತುಂಡುಗಳನ್ನು. 16 ಸೆಂಟಿಮೀಟರಿನದು ಒಂದು ಮಾತ್ರೆ, 8ರದು ಅರ್ಧ, 4ರದು ಕಾಲು. ಸಿಪ್ಪೆ ಬ್ಲೇಡಿನ ಹಾಗೆ ಕೈ ಕೊಯ್ಯುತ್ತದೆ, ಹಾಗಾಗಿ ಕತ್ತರಿಸುವುದು ನಾನೇ, ಅಳೆದು ಗುರುತು ಹಾಕುವುದು ಅವರು. ಕಟ್ಟೆಯ ಮೇಲೆ ಉದ್ದದ ತುಂಡು ಇಟ್ಟರೆ "ಧಾ". ಅದರ ಕೆಳಗೆ ಎರಡು ಅರ್ಧ ಇಟ್ಟರೆ "ಧಿನ". ನಾಲ್ಕು ಕಾಲು ಇಟ್ಟರೆ "ತಿರಕಿಟ". ಸಾಲುಗಳ ಉದ್ದ ಒಂದೇ, ಒಳಗಿನ ತುಂಡು ಮಾತ್ರ ಜಾಸ್ತಿ. ಸಣ್ಣ ತುಂಡು ಕಂಡ ಕೂಡಲೇ ಮಕ್ಕಳು ಲಯವನ್ನೇ ಓಡಿಸುತ್ತಾರೆ, ಅದಕ್ಕೆ ಒಬ್ಬ ಹುಡುಗ ಪಕ್ಕದಲ್ಲಿ ಒಂದೇ ಸಮ ಹೆಜ್ಜೆ ಹಾಕುತ್ತಲೇ ಇರಬೇಕು. ಈ ಕೆಲಸಕ್ಕೆ ತುಂಟರನ್ನೇ ಆರಿಸಿ, ಜವಾಬ್ದಾರಿ ಕೊಟ್ಟರೆ ಅವರಷ್ಟು ಕಟ್ಟುನಿಟ್ಟು ಯಾರೂ ಇಲ್ಲ. ಭಿನ್ನರಾಶಿ ಪಾಠವೂ ಇದರಲ್ಲೇ ಅರ್ಧ ಮುಗಿಯುತ್ತದೆ.

ಇನ್ನು ಹೋಳಿ. ಬಾಗಲಕೋಟೆಯ ಹೋಳಿ, ಹಲಗಿ ಮಜಲು ನೋಡಿದ ಮಕ್ಕಳಿಗೆ ನಾನು ತಾಳ ಕಲಿಸೋದಾ? ಅವರೇ ನನಗೆ ಕಲಿಸುತ್ತಾರೆ. ಹಲಗಿ ಅಂದರೆ ತಮಟೆಯಂಥ ಚರ್ಮವಾದ್ಯ, ನಾನು ಮಾಡಿಸುವುದು ಕಾಗದದ ಹಲಗಿ. ಒಡೆದ ಬಕೆಟ್ಟಿನ ಬಾಯಿ ಕೊಯ್ದರೆ ಬಳೆ ಸಿಗುತ್ತದೆ, ಅಂಚು ಉಜ್ಜಿ ನುಣುಪು ಮಾಡಿ. ಅದರ ಮೇಲೆ ಹಳೇ ಪೇಪರನ್ನು ಮೈದಾ ಅಂಟಿನಿಂದ ಪದರ ಪದರವಾಗಿ ಹಚ್ಚಬೇಕು, ಒಂದು ಪದರ ಅಡ್ಡ, ಮುಂದಿನದು ಉದ್ದ. ಪ್ರತಿ ಪದರ ಒಣಗಿದ ಮೇಲೇ ಇನ್ನೊಂದು. ಒಣಗುತ್ತಾ ಕಾಗದ ತಾನೇ ಬಿಗಿಯುತ್ತದೆ. ಚರ್ಮದ ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸುವುದೂ ಬಿಗಿ ಬರಲಿ ಅಂತಲೇ, ತೇವ ಕುಡಿದ ಚರ್ಮ ಸಡಿಲ ಬಿದ್ದಿರುತ್ತದೆ. ಕಾಗದದ್ದಕ್ಕೆ ಮಾರ್ಚ್ ಬಿಸಿಲೇ ಸಾಕು, ಬೆಂಕಿಯ ಹತ್ತಿರ ಬಿಡಬೇಡಿ.

ಬಲಗೈಗೆ ದಪ್ಪ ಗಿಡ್ಡ ಕೋಲು, ಎಡಗೈಗೆ ತೆಳು ಕಡ್ಡಿ. ಕೆಹರವಾದ ಎಂಟು ಮಾತ್ರೆ ಬರೆದುಕೊಟ್ಟೆ, ಧಾ ಗೆ ನಾ ತಿ, ನಾ ಕೆ ಧಿ ನಾ. ಧಾ, ಧಿ ಬಂದಾಗ ದಪ್ಪ ಕೋಲು ನಡುವಿಗೆ, ಉಳಿದದ್ದಕ್ಕೆ ಕಡ್ಡಿ ಅಂಚಿಗೆ. ತಬಲಾ ಬಲ್ಲವರು ಇದೆಂಥ ಕೆಹರವಾ ಅಂತ ನಗಬಹುದು, ನಗಲಿ. ಐದನೇ ಮಾತ್ರೆ ಖಾಲಿ, ಅಲ್ಲಿ ದಪ್ಪ ಕೋಲು ಸುಮ್ನಿರುತ್ತದೆ. ಮಣಿಸರದ ಬಿಲ್ಲೆ ಹೇಗೋ ಇದೂ ಹಾಗೇ ಅಂತ ಅವರೇ ಹಿಡಿದರು. "ಹುಡುಗೇರು ಹಲಗಿ ಬಡೀತಾರೇನ್ರಿ ಅಕ್ಕೋರ?" ಅಂತ ಒಬ್ಬ ಪಾಲಕರು ಕೇಳಿದರು. ಬಡೀತಾರ್ರೀ ಅಂದೆ, ಮೊದಲ ಸಾಲಲ್ಲಿ ಹುಡುಗಿಯರನ್ನೇ ನಿಲ್ಲಿಸಿದೆ.

ಹೋಳಿ ಮುಗಿದ ಮೇಲೆ ಹಲಗಿಗಳನ್ನು ಶಾಲೆಯ ಕಪಾಟಿನಲ್ಲಿ ಇಡಬೇಡಿ, ಮೈದಾ ವಾಸನೆಗೆ ಇಲಿ ಬಂದು ಜೊತೆಗೆ ಹಾಜರಿ ಪುಸ್ತಕವನ್ನೂ ಕಡಿಯುತ್ತವೆ. ಅಂಟಿಗೆ ಮೈಲುತುತ್ತ ಹಾಕಿ ಅಂತ ಕೆಲವರು ಹೇಳುತ್ತಾರೆ, ಅದು ವಿಷ, ಮಕ್ಕಳ ಕೈಗೆ ಬೇಡ. ಪರೀಕ್ಷೆಗೆ ಮೊದಲೇ ಅವರವರ ಹಲಗಿ ಅವರವರ ಮನೆಗೆ ಕಳಿಸಿಬಿಡಿ.